ದುಡ್ಡು ಕೊಟ್ಟು ಸಾಮಾನು ಕೊಳ್ಳುವವರು ಕಳ್ಳರಲ್ಲ: ಅಂಗಡಿ ಮಾಲೀಕರಿಗೆ ಒಂದು ಬಹಿರಂಗ ಪತ್ರ

ಸೂಪರ್ ಮಾರ್ಕೆಟ್, ಬಟ್ಟೆ ಅಂಗಡಿ, ಮಾಲ್ ನಡೆಸುತ್ತಿರುವ ಮಾಲೀಕರಿಗೆ, ಹಾಗೆಯೇ ರಾಜ್ಯದ ಗ್ರಾಹಕ ವ್ಯವಹಾರಗಳ ಇಲಾಖೆಯ ಅಧಿಕಾರಿಗಳಿಗೆ,

ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿಮ್ಮ ಅಂಗಡಿಗಳಲ್ಲಿ ಕೆಲವರನ್ನು ಕಾಲಿಟ್ಟ ಕ್ಷಣದಿಂದಲೇ ಕಳ್ಳರ ಹಾಗೆ ನೋಡುತ್ತಾರೆ. ಎಲ್ಲರನ್ನೂ ಅಲ್ಲ. ಕಾರಿನಿಂದ ಇಳಿದು ಬಂದವರಿಗೆ ಬಾಗಿಲು ತೆಗೆದು 'ವೆಲ್‌ಕಮ್ ಸರ್' ಅನ್ನುತ್ತಾರೆ. ಪಂಚೆ ಉಟ್ಟವರು, ಹವಾಯಿ ಚಪ್ಪಲಿ ಹಾಕಿದವರು, ಕಟ್ಟಡದ ಕೆಲಸ ಮುಗಿಸಿ ಸಿಮೆಂಟಿನ ಧೂಳಲ್ಲೇ ಬಂದವರು, ಬಟ್ಟೆ ಚೀಲ ಹಿಡಿದ ವಯಸ್ಸಾದ ಹೆಂಗಸರು ಬಂದರೆ ಸಾಲಿನಿಂದ ಸಾಲಿಗೆ ಅವರ ಹಿಂದೆ ಒಬ್ಬರು ಸುತ್ತುತ್ತಾರೆ. ಸಹಾಯ ಮಾಡುವುದಕ್ಕಲ್ಲ, ಕಾಯುವುದಕ್ಕೆ. ಒಂದು ಶಾಂಪೂ ಬಾಟಲಿ ತೆಗೆದು ಅದರ ಬೆಲೆ ಓದಿ ವಾಪಸ್ ಇಟ್ಟರೆ, ಸರಿಯಾಗಿ ಇಟ್ಟರಾ ಅಂತ ಆಗಲೇ ಬಂದು ನೋಡುತ್ತಾರೆ. ಹಿಂದೆ ಯಾರೋ ಬರುತ್ತಿದ್ದಾರೆ ಅಂತ ಗೊತ್ತಾಗದಷ್ಟು ದಡ್ಡರು ಯಾರೂ ಇಲ್ಲ. ಗೊತ್ತಾಗುತ್ತದೆ, ಬೆನ್ನು ಬಿಸಿಯಾಗುತ್ತದೆ. ಆಮೇಲೆ ಬೇಕಾಗಿದ್ದನ್ನೂ ಸರಿಯಾಗಿ ನೋಡದೆ, ಕೈಗೆ ಸಿಕ್ಕಿದ್ದು ತೆಗೆದುಕೊಂಡು ಬೇಗ ಹೊರಗೆ ಬಂದುಬಿಡುತ್ತಾರೆ.

ಕಳ್ಳತನ ಆಗುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆಗುತ್ತದೆ. ಆದರೆ ಅದು ಆಗುವ ಹಾಗೆ ಅಂಗಡಿಯನ್ನು ಜೋಡಿಸಿದವರು ಯಾರು ಅನ್ನುವುದನ್ನು ಸ್ವಲ್ಪ ಯೋಚಿಸಿ. ನಮ್ಮೂರಿನ ದಿನಸಿ ಅಂಗಡಿಯಲ್ಲಿ ಸಾಮಾನೆಲ್ಲ ಗಲ್ಲಾಪೆಟ್ಟಿಗೆಯ ಹಿಂದೆ ಇರುತ್ತಿತ್ತು. ನಾವು ಚೀಟಿ ಕೊಡುತ್ತಿದ್ದೆವು. ಅಂಗಡಿಯ ಹುಡುಗ ತೂಗಿ, ಪೊಟ್ಟಣ ಕಟ್ಟಿ ಕೊಡುತ್ತಿದ್ದ. ಅಲ್ಲಿ ಯಾರ ಚೀಲವನ್ನೂ ತಡಕಾಡುವ ಅಗತ್ಯವೇ ಬರುತ್ತಿರಲಿಲ್ಲ. ಗಿರಾಕಿಯೇ ಕಪಾಟಿನಿಂದ ಸಾಮಾನು ತೆಗೆದುಕೊಳ್ಳುವ ಪದ್ಧತಿಯನ್ನು 1916ರಲ್ಲಿ ಅಮೆರಿಕದ ಮೆಂಫಿಸ್ ಊರಿನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಅನ್ನುವವರು ತಮ್ಮ 'ಪಿಗ್ಲಿ ವಿಗ್ಲಿ' ಅಂಗಡಿಯಲ್ಲಿ ಶುರು ಮಾಡಿದರು. ಅದರ ಲಾಭ ಏನು ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕೆಲಸದವರು ಕಡಿಮೆ ಸಾಕು. ಕಣ್ಣಿಗೆ ಬಿದ್ದದ್ದನ್ನೆಲ್ಲ ಜನ ಬುಟ್ಟಿಗೆ ಹಾಕಿಕೊಳ್ಳುತ್ತಾರೆ. ಎಣ್ಣೆ ತರಲು ಹೋದವಳು ಬಿಸ್ಕತ್ತು, ಬಕೆಟ್ಟು, ಬೆಡ್‌ಶೀಟು ಹೊತ್ತು ಬರುತ್ತಾಳೆ.

ಈ ಲಾಭ ನಿಮ್ಮದು. ಅದರ ಜೊತೆಗೆ ಬರುವ ನಷ್ಟವೂ ನಿಮ್ಮದೇ ಅಲ್ವಾ? ತೆರೆದ ಕಪಾಟಿನಿಂದ ಒಂದಷ್ಟು ಸಾಮಾನು ಹೋಗುತ್ತದೆ ಅನ್ನುವುದು ಈ ವ್ಯಾಪಾರದ ಲೆಕ್ಕದಲ್ಲಿ ಮೊದಲಿನಿಂದಲೂ ಇದೆ. ನಿಮ್ಮ ಭಾಷೆಯಲ್ಲಿ ಅದಕ್ಕೆ 'ಶ್ರಿಂಕೇಜ್' ಅಂತ ಹೆಸರೂ ಇದೆ. ಅದರಲ್ಲಿ ಗಿರಾಕಿ ಕದ್ದದ್ದು ಒಂದು ಪಾಲು ಮಾತ್ರ. ಗೋಡೌನಿನಲ್ಲಿ ಒಡೆದದ್ದು, ಲೋಡ್ ಬರುವಾಗಲೇ ಕಡಿಮೆ ಬಂದದ್ದು, ಬಿಲ್ಲಿಂಗಿನಲ್ಲಿ ತಪ್ಪಾದದ್ದು, ಒಳಗಿನವರೇ ಸಾಗಿಸಿದ್ದು ಎಲ್ಲ ಅದರಲ್ಲೇ ಸೇರಿರುತ್ತದೆ. ಲೋಡು ತರುವ ಲಾರಿಯವರನ್ನು ನೀವು ನೂರು ಜನರ ಮುಂದೆ ನಿಲ್ಲಿಸಿ ಜೇಬು ತೆಗೆಸುವುದಿಲ್ಲ. ಆ ಮರ್ಯಾದೆ ನಮಗೆ ಮಾತ್ರ ಯಾಕಿಲ್ಲ?

ನಮ್ಮ ಚಿಕ್ಕಮ್ಮ ತಿಪಟೂರಿನ ಹತ್ತಿರದ ಹಳ್ಳಿಯವರು. ಮೊಮ್ಮಗಳ ಹುಟ್ಟುಹಬ್ಬಕ್ಕೆ ಫ್ರಾಕು ಬೇಕು ಅಂತ ಬೆಂಗಳೂರಿನ ಒಂದು ದೊಡ್ಡ ಬಟ್ಟೆ ಅಂಗಡಿಗೆ ನನ್ನ ಜೊತೆ ಬಂದಿದ್ದರು. ತಮ್ಮ ದುಡ್ಡಿನಲ್ಲೇ ಕೊಡಿಸಬೇಕು ಅಂತ ಸೆರಗಿನ ಗಂಟು ಬಿಚ್ಚಿ ಎಣಿಸಿ ಕೊಟ್ಟರು. ಬಿಲ್ ಆಯಿತು. ಬಾಗಿಲು ದಾಟುವಾಗ ಅಲ್ಲಿನ ಯಂತ್ರ ಕಿರುಚಿಕೊಂಡಿತು. ನಾನು ಹಿಂದೆ ಇನ್ನೊಂದು ಕೌಂಟರಿನಲ್ಲಿದ್ದೆ. 'ಏಯ್ ಅಮ್ಮಾ, ನಿಲ್ಲು ಅಲ್ಲೇ' ಅನ್ನುವ ಕೂಗು ಕೇಳಿ ತಿರುಗಿ ನೋಡಿದರೆ, ಸೆಕ್ಯುರಿಟಿಯವನು ಆಗಲೇ ಚಿಕ್ಕಮ್ಮನ ಚೀಲ ಕಿತ್ತುಕೊಂಡು ಮೇಜಿನ ಮೇಲೆ ಸುರಿದಿದ್ದ. ಎಲೆ ಅಡಿಕೆ ಸಂಚಿ, ಬಿಪಿ ಮಾತ್ರೆಯ ಅರ್ಧ ಪಟ್ಟಿ, ಕನ್ನಡಕದ ಡಬ್ಬಿ, ಬಸ್ಸಿನ ಶೂನ್ಯ ದರದ ಟಿಕೆಟ್ಟು, ಮಡಿಚಿಟ್ಟ ಕರವಸ್ತ್ರ. ಬಿಲ್ ಕಟ್ಟಲು ನಿಂತವರೆಲ್ಲ ನೋಡುತ್ತಿದ್ದರು. ಒಬ್ಬರು ಮೊಬೈಲು ಎತ್ತಿ ಹಿಡಿದಿದ್ದರು.

ಆಮೇಲೆ ಗೊತ್ತಾಗಿದ್ದು ಇಷ್ಟೇ. ಫ್ರಾಕಿನ ಒಳಮಡಿಕೆಯಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಟ್ಯಾಗು ಇತ್ತು. ಬಿಲ್ ಮಾಡಿದ ಹುಡುಗಿ ಅದನ್ನು ತೆಗೆಯಲು ಮರೆತಿದ್ದಳು. ವಾಪಸ್ ತೆಗೆದುಕೊಂಡು ಹೋಗಿ, ಆಯಸ್ಕಾಂತದ ಮೇಲೆ ಇಟ್ಟು ಟಕ್ ಅಂತ ಬಿಡಿಸಿ, 'ಆಯ್ತು, ಹೋಗಿ' ಅಂದರು. ಮೇಜಿನ ಮೇಲಿದ್ದ ಸಾಮಾನನ್ನು ಚಿಕ್ಕಮ್ಮನೇ ಒಂದೊಂದಾಗಿ ಚೀಲಕ್ಕೆ ತುಂಬಿಕೊಂಡರು. ಮ್ಯಾನೇಜರನ್ನು ಕರೆಸಿ ಕೇಳಿದೆ. 'ಮೇಡಂ, ಅದು ಪ್ರೊಸೀಜರ್' ಅಂದರು. ತಪ್ಪಾಯ್ತು ಅನ್ನುವ ಒಂದು ಮಾತು ಆ ಅಂಗಡಿಯ ಒಬ್ಬರ ಬಾಯಿಂದಲೂ ಬರಲಿಲ್ಲ. ಈಗ ಚಿಕ್ಕಮ್ಮ ಏನಾದರೂ ಬೇಕಿದ್ದರೆ ದುಡ್ಡು ನನ್ನ ಕೈಗೆ ಕೊಡುತ್ತಾರೆ, 'ನೀನೇ ತಂದುಬಿಡು' ಅನ್ನುತ್ತಾರೆ.

ಯಂತ್ರ ಕೂಗಿದರೆ ಅದಕ್ಕೆ ಹತ್ತು ಕಾರಣ ಇರಬಹುದು. ಟ್ಯಾಗು ತೆಗೆಯದೆ ಬಿಟ್ಟಿರಬಹುದು. ಬೇರೆ ಅಂಗಡಿಯಲ್ಲಿ ಕೊಂಡ ಸಾಮಾನಿನ ಟ್ಯಾಗು ಚೀಲದಲ್ಲೇ ಉಳಿದಿರಬಹುದು. ಇದು ನಿಮ್ಮ ಸಿಬ್ಬಂದಿಗೆ ದಿನಾ ಗೊತ್ತಾಗುವ ವಿಷಯ. ಆದರೂ ಯಂತ್ರ ಕೂಗಿದಾಗ ಮೊದಲು ನೋಡುವುದು ಬಿಲ್ಲನ್ನಲ್ಲ, ಮನುಷ್ಯನನ್ನು. ಜೀನ್ಸ್ ಹಾಕಿದ ನಾನು ದಾಟುವಾಗ ಇಂಥದೇ ಯಂತ್ರ ಕೂಗಿದ್ದುಂಟು. ನಗುತ್ತಾ 'ಪರವಾಗಿಲ್ಲ ಮೇಡಂ, ಹೋಗಿ' ಅಂತ ಕೈ ಬೀಸಿದ್ದರು. ಪ್ರೊಸೀಜರ್ ಅನ್ನುವುದು ನಿಜವೇ ಆಗಿದ್ದರೆ ನನ್ನ ಚೀಲವನ್ನೂ ಸುರಿಯಬೇಕಿತ್ತು.

ಎಲ್ಲರಿಗೂ ಒಂದೇ ಥರ ಇರುವ ನಿಯಮದಿಂದ ಯಾರಿಗೂ ಅವಮಾನ ಆಗುವುದಿಲ್ಲ. ಟ್ರಯಲ್ ರೂಮಿನ ಬಾಗಿಲಲ್ಲಿ ಎಷ್ಟು ಬಟ್ಟೆ ಅಂತ ಎಣಿಸಿ ಟೋಕನ್ ಕೊಡುತ್ತಾರೆ. ಎಲ್ಲರಿಗೂ ಕೊಡುತ್ತಾರೆ, ಅದನ್ನು ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮುಖ ನೋಡಿ, ಉಡುಪು ನೋಡಿ, ಮಾತಿನ ಧಾಟಿ ನೋಡಿ ನಿಯಮ ಹಾಕಿದಾಗ ಮಾತ್ರ ಎದೆಗೆ ಚುಚ್ಚುತ್ತದೆ.

ಇನ್ನು ಬ್ಯಾಗ್ ಕೌಂಟರ್. ಒಳಗೆ ಹೋಗುವ ಮೊದಲು ಚೀಲ ಅಲ್ಲಿಡಬೇಕು. ಅದರಲ್ಲಿ ದುಡ್ಡು, ಮನೆ ಬೀಗದ ಕೈ, ಕೆಲವೊಮ್ಮೆ ಅಡವು ಬಿಡಿಸಿಕೊಂಡು ತಂದ ಒಡವೆ. ಆ ಕೌಂಟರಿನ ಗೋಡೆಯ ಮೇಲೆ ಒಂದು ಬೋರ್ಡು: 'ಬೆಲೆಬಾಳುವ ವಸ್ತುಗಳಿಗೆ ನಾವು ಜವಾಬ್ದಾರರಲ್ಲ.' ಇದನ್ನು ಒಂದು ಸಲ ಗಿರಾಕಿಯ ಜಾಗದಲ್ಲಿ ನಿಂತು ಓದಿ. ನಿಮ್ಮ ನೂರು ರೂಪಾಯಿಯ ಸೋಪಿನ ವಿಷಯದಲ್ಲಿ ನೀವು ನಮ್ಮನ್ನು ನಂಬುವುದಿಲ್ಲ. ನಮ್ಮ ಇಡೀ ಚೀಲದ ವಿಷಯದಲ್ಲಿ ನಾವು ನಿಮ್ಮನ್ನು ನಂಬಬೇಕು, ಅದೂ ಹೊಣೆ ಇಲ್ಲದ ನಿಮ್ಮನ್ನು. ಇನ್ನೊಬ್ಬರ ವಸ್ತುವನ್ನು ಇಟ್ಟುಕೊಂಡವರು, ವಿವೇಕ ಇರುವ ಮನುಷ್ಯ ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟೇ ಜೋಪಾನವಾಗಿ ನೋಡಿಕೊಳ್ಳಬೇಕು ಅಂತ 1872ರ ಕರಾರು ಕಾಯ್ದೆಯೇ ಹೇಳುತ್ತದೆ. 2020ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಒಂದು ದೊಡ್ಡ ಮಳಿಗೆ ಸರಣಿಯ ವಿರುದ್ಧ ತೀರ್ಪು ಕೊಟ್ಟಿತು. ಮೊದಲೇ ಹೇಳದೆ, ಬಿಲ್ ಕಟ್ಟುವ ಜಾಗದಲ್ಲಿ ಕ್ಯಾರಿ ಬ್ಯಾಗಿಗೆ ದುಡ್ಡು ಕೇಳುವುದು ಅನ್ಯಾಯದ ವ್ಯಾಪಾರ ಅಂದಿತು. ಕಳ್ಳತನದ ಭಯದಿಂದ ನಮ್ಮ ಚೀಲವನ್ನು ಹೊರಗಿಡಿಸುವುದು, ಆಮೇಲೆ ಚೀಲ ಇಲ್ಲ ಅಂತ ನಮಗೇ ಚೀಲ ಮಾರುವುದು. ಈಗಲೂ ಎಷ್ಟೋ ಕಡೆ ನಡೆಯುತ್ತಿದೆ.

ಹೊರಗೆ ಹೋಗುವ ಬಾಗಿಲಲ್ಲಿ ಬಿಲ್ಲಿಗೆ ತೂತು ಹಾಕುವ ಶಾಸ್ತ್ರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅವರು ಬಿಲ್ಲನ್ನು ಓದುವುದೂ ಇಲ್ಲ.

ಈಗ ಕಾನೂನಿನ ಮಾತು. ಸೆಕ್ಯುರಿಟಿಯವರು ಪೊಲೀಸರಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಪ್ರಕಾರ, ಒಬ್ಬ ಸಾಮಾನ್ಯ ಮನುಷ್ಯ ಇನ್ನೊಬ್ಬರನ್ನು ಹಿಡಿಯಬೇಕಾದರೆ ತನ್ನ ಕಣ್ಣೆದುರೇ ಗಂಭೀರ ಅಪರಾಧ ನಡೆದಿರಬೇಕು, ಇಲ್ಲವೇ ಆತ ತಲೆಮರೆಸಿಕೊಂಡಿದ್ದಾನೆ ಅಂತ ನ್ಯಾಯಾಲಯ ಘೋಷಿಸಿದ ಅಪರಾಧಿ ಆಗಿರಬೇಕು. ಹಿಡಿದ ಮೇಲೆ ತಡ ಮಾಡದೆ, ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಅನುಮಾನ ಬಂತು ಅನ್ನುವುದು ಇದರಲ್ಲಿ ಎಲ್ಲೂ ಇಲ್ಲ. ಸುಮ್ನೆ ದಾರಿಗೆ ಅಡ್ಡ ನಿಂತು ತಡೆಯುವುದು, ಮ್ಯಾನೇಜರ್ ಕೋಣೆಯಲ್ಲಿ ಕೂಡಿಹಾಕುವುದು ಭಾರತೀಯ ನ್ಯಾಯ ಸಂಹಿತೆಯ 126 ಮತ್ತು 127ನೇ ಕಲಂ ಪ್ರಕಾರ ಅಪರಾಧ. ಹೆಂಗಸರ ಮೈ ತಪಾಸಣೆಯನ್ನು ಪೊಲೀಸರೇ ಮಾಡಿದರೂ ಹೆಂಗಸರೇ ಮಾಡಬೇಕು, ಮರ್ಯಾದೆಗೆ ಧಕ್ಕೆ ಬರದ ಹಾಗೆ ಮಾಡಬೇಕು. ಪೊಲೀಸರಿಗೇ ಇಷ್ಟು ಕಟ್ಟುಪಾಡು ಇರುವಾಗ ಅಂಗಡಿಯವರಿಗೆ ಎಲ್ಲಿಂದ ಬಂತು ಅಧಿಕಾರ?

ನಿಜವಾಗಿಯೂ ಕದ್ದವರ ವಿಷಯದಲ್ಲೂ ಇದೇ ಕಾನೂನು ಎಷ್ಟು ಅಳೆದು ತೂಗಿ ನಡೆದುಕೊಂಡಿದೆ ನೋಡಿ. ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಮೊದಲ ತಪ್ಪಾಗಿದ್ದು, ವಸ್ತುವನ್ನೋ ಅದರ ಬೆಲೆಯನ್ನೋ ವಾಪಸ್ ಕೊಟ್ಟರೆ ಅದಕ್ಕೆ ಶಿಕ್ಷೆ ಸಮುದಾಯ ಸೇವೆ. ಸಂಸತ್ತು ಹಾಕಿದ ಶಿಕ್ಷೆ ಇಷ್ಟು. ಆದರೆ ಅಂಗಡಿಯಲ್ಲಿ ಒಂದು ಚಾಕೊಲೇಟಿಗೆ ಹುಡುಗರ ಕಪಾಳಕ್ಕೆ ಹೊಡೆಯುತ್ತಾರೆ. ಸಿಸಿಟಿವಿ ಚಿತ್ರವನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸುತ್ತಾರೆ. ವಿಡಿಯೋ ಮಾಡಿ ವಾಟ್ಸಾಪಿಗೆ ಬಿಡುತ್ತಾರೆ. ಆ ವಿಡಿಯೋದಲ್ಲಿರುವವರ ಮಗಳು ಮರುದಿನ ಶಾಲೆಗೆ ಹೋಗಬೇಕು ಅನ್ನುವ ಯೋಚನೆ ಯಾರಿಗೂ ಬರುವುದಿಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು. ಆ ಅರ್ಜಿ ಹಾಕಿದ ಕೆ. ಎಸ್. ಪುಟ್ಟಸ್ವಾಮಿ ಅವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು.

ಈ ಅನುಮಾನ ಎಲ್ಲಿಂದ ಬಂತು ಅಂತ ಹುಡುಕಿದರೆ ದೂರ ಹೋಗಬೇಕಿಲ್ಲ. ಕೆಲವು ಸಮುದಾಯಗಳಲ್ಲಿ ಹುಟ್ಟಿದವರೆಲ್ಲ ಹುಟ್ಟಿನಿಂದಲೇ ಕಳ್ಳರು ಅಂತ 1871ರಲ್ಲಿ ಬ್ರಿಟಿಷರು ಕಾಯ್ದೆ ಮಾಡಿದರು. ನಮ್ಮ ಕಡೆಯ ಕೊರಮ, ಕೊರಚರಂಥ ಸಮುದಾಯಗಳು ಆ ಪಟ್ಟಿಗೆ ಸೇರಿದವು. ಹುಬ್ಬಳ್ಳಿಯಲ್ಲಿ ಇಂಥ ಜನರನ್ನು ಕಾವಲಿನಲ್ಲಿ ಇಟ್ಟಿದ್ದ ಜಾಗಕ್ಕೆ ಈಗಲೂ ಸೆಟ್ಲಮೆಂಟ್ ಅಂತಲೇ ಹೆಸರು. 1952ರ ಆಗಸ್ಟ್ 31ಕ್ಕೆ ಆ ಪಟ್ಟಿಯಿಂದ ಅವರಿಗೆ ಬಿಡುಗಡೆ ಸಿಕ್ಕಿತು. ಕಾಯ್ದೆ ಹೋಯಿತು, ಕಣ್ಣು ಹೋಗಲಿಲ್ಲ. ಅಲೆಮಾರಿ ಸಮುದಾಯದ ಹೆಂಗಸೊಬ್ಬಳು ಮಗು ಕಟ್ಟಿಕೊಂಡು ಒಳಗೆ ಬಂದರೆ ನಿಮ್ಮ ಅಂಗಡಿಯ ಹುಡುಗರು ಒಬ್ಬರಿಗೊಬ್ಬರು ಕಣ್ಸನ್ನೆ ಮಾಡುತ್ತಾರೆ. ಅವಳು ಹಾಲಿನ ಪುಡಿಗೆ ಬಂದಿರುತ್ತಾಳೆ, ಕೈಯಲ್ಲಿ ನೋಟು ಹಿಡಿದೇ ಬಂದಿರುತ್ತಾಳೆ. ನೋಟು ಕಾಣುವ ಹಾಗೆ ಹಿಡಿದುಕೊಂಡರೆ ಮಾತ್ರ ಒಳಗೆ ಬಿಡುತ್ತಾರೆ ಅಂತ ಅವಳಿಗೆ ಗೊತ್ತಿರುತ್ತದೆ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ನಿಮಗೂ ಬರಬೇಕು.

2024ರ ಜುಲೈನಲ್ಲಿ ಪಂಚೆ ಉಟ್ಟು ಬಂದಿದ್ದ ಹಾವೇರಿ ಜಿಲ್ಲೆಯ ಹಿರಿಯ ರೈತರೊಬ್ಬರನ್ನು ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ ಒಳಗೆ ಬಿಡಲಿಲ್ಲ. ಮಗನ ಜೊತೆ ಸಿನಿಮಾ ನೋಡಲು ಬಂದವರು, ಕೈಯಲ್ಲಿ ಟಿಕೆಟ್ ಇತ್ತು. ರೈತ ಸಂಘಟನೆಗಳು ಬೀದಿಗಿಳಿದವು, ವಿಷಯ ವಿಧಾನಸಭೆಗೆ ಹೋಯಿತು, ಏಳು ದಿನ ಮಾಲ್ ಮುಚ್ಚಿಸುವುದಾಗಿ ಸರ್ಕಾರ ಹೇಳಿತು. ಅದೇ ವರ್ಷದ ಫೆಬ್ರವರಿಯಲ್ಲಿ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ ಬಟ್ಟೆ ಗಲೀಜಾಗಿದೆ ಅಂತ ತಲೆ ಮೇಲೆ ಮೂಟೆ ಹೊತ್ತಿದ್ದ ರೈತರನ್ನು ತಡೆದಿದ್ದರು. ಪಕ್ಕದಲ್ಲಿದ್ದ ಪ್ರಯಾಣಿಕರು ಜಗಳ ಮಾಡಿ ಒಳಗೆ ಕರೆದುಕೊಂಡು ಹೋದರು. 2022ರ ಜನವರಿಯಲ್ಲಿ ತುಮಕೂರಿನ ವಾಹನ ಶೋರೂಮೊಂದರಲ್ಲಿ, ಗಾಡಿ ಕೊಳ್ಳಲು ಬಂದ ರೈತರೊಬ್ಬರಿಗೆ ನಿನ್ನ ಹತ್ತಿರ ಹತ್ತು ರೂಪಾಯಿಯೂ ಇರಲಿಕ್ಕಿಲ್ಲ ಅನ್ನುವ ಹಾಗೆ ಮಾತಾಡಿದ್ದು ದೊಡ್ಡ ಸುದ್ದಿಯಾಯಿತು. ಅವರು ಸ್ವಲ್ಪ ಹೊತ್ತಿನಲ್ಲೇ ಹತ್ತು ಲಕ್ಷ ಜೋಡಿಸಿ ತಂದರು. ಆ ಸುದ್ದಿಯನ್ನು ಎಲ್ಲರೂ ಖುಷಿಯಿಂದ ಹಂಚಿಕೊಂಡರು. ನನಗೆ ಮಾತ್ರ ಒಂದು ಪ್ರಶ್ನೆ ಉಳಿಯಿತು. ಹತ್ತು ಲಕ್ಷ ತರಲಾಗದೆ ಹೋಗಿದ್ದರೆ ಆ ಮಾತು ಸರಿಯಾಗುತ್ತಿತ್ತಾ? ಕೊಳ್ಳದೆ ಬರೀ ನೋಡಿಕೊಂಡು ಹೋಗುವವರಿಗೂ ಮರ್ಯಾದೆ ಕೊಡಬೇಕು. ಚಿಕ್ಕಪೇಟೆಯ ಹಳೆಯ ಸೀರೆ ಅಂಗಡಿಗಳಲ್ಲಿ ಗಾದಿ ಮೇಲೆ ಕೂರಿಸಿ, ರಾಶಿ ಸೀರೆ ಬಿಚ್ಚಿ ಹಾಕಿ, ಕೊಳ್ಳದೆ ಎದ್ದರೂ 'ಮತ್ತೆ ಬನ್ನಿ ಅಮ್ಮ' ಅನ್ನುವವರನ್ನು ನಾನು ನೋಡಿದ್ದೇನೆ. ಹೊಸ ಮಳಿಗೆಗಳಲ್ಲಿ 'ಅದು ಜಾಸ್ತಿ ರೇಟು, ತಗೊಳ್ಳೋದಾದ್ರೆ ತೆಗೀತೀನಿ' ಅನ್ನುವುದನ್ನೂ ಕೇಳಿದ್ದೇನೆ.

ನಿಮ್ಮಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರ ಮೇಲೆ ಎಲ್ಲ ತಪ್ಪನ್ನೂ ಹೊರಿಸಲು ನಾನು ತಯಾರಿಲ್ಲ. ಅವರೂ ಬೇರೆ ಅಂಗಡಿಗೆ ಹೋದಾಗ ಗಿರಾಕಿಗಳೇ, ಅಲ್ಲಿ ಅವರ ಹಿಂದೆಯೂ ಒಬ್ಬರು ಸುತ್ತುತ್ತಾರೆ. ಬೆಳಗ್ಗೆಯಿಂದ ರಾತ್ರಿವರೆಗೆ ನಿಂತೇ ಇರುತ್ತಾರೆ, ಕುಳಿತರೆ ಫ್ಲೋರ್ ಮ್ಯಾನೇಜರ್ ಬೈಯುತ್ತಾರೆ. ಅಂಗಡಿ ಕೆಲಸದವರಿಗೆ ಕೂರುವ ಹಕ್ಕು ಇರಬೇಕು ಅಂತ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಿದವು. ಸಂಜೆ ಮನೆಗೆ ಹೋಗುವಾಗ ಆ ಹುಡುಗಿಯರ ಬ್ಯಾಗನ್ನೂ ಬಿಚ್ಚಿಸಿ ನೋಡುತ್ತೀರಿ. ಸ್ಟಾಕ್ ಕಡಿಮೆ ಬಂದರೆ ಆ ಸಾಲಿನವರ ಸಂಬಳದಲ್ಲಿ ಹಿಡಿಯುವ ಅಂಗಡಿಗಳಿವೆ. ಹಾಗೆ ಹಿಡಿಯಬೇಕಾದರೆ ಅವರ ತಪ್ಪು ಅಂತ ತೋರಿಸಬೇಕು, ಅವರ ಮಾತು ಕೇಳಬೇಕು ಅನ್ನುವುದು ಕಾನೂನು. ಒಂದು ಲಿಪ್‌ಸ್ಟಿಕ್ ಹೋದರೆ ತನ್ನ ಸಂಬಳ ಹೋಗುತ್ತದೆ ಅಂತ ಹೆದರಿದವಳು ಗಿರಾಕಿಯನ್ನು ನಗುತ್ತಾ ನೋಡುವುದಾದರೂ ಹೇಗೆ?

ಸೆಕ್ಯುರಿಟಿಯವರ ಕಥೆಯೂ ಹಾಗೇ. 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆಯ ಅಡಿ ಕೇಂದ್ರ ಮಾಡಿದ ಮಾದರಿ ನಿಯಮದಲ್ಲಿ ಹೊಸಬರಿಗೆ 100 ಗಂಟೆ ಪಾಠ, 60 ಗಂಟೆ ಕ್ಷೇತ್ರ ತರಬೇತಿ ಅಂತ ಇದೆ. ಸಾರ್ವಜನಿಕರ ಜೊತೆ ಹೇಗೆ ನಡೆದುಕೊಳ್ಳಬೇಕು ಅನ್ನುವುದು ಆ ಪಾಠದಲ್ಲಿ ಮೊದಲಿಗೇ ಬರುತ್ತದೆ. ನಿಮ್ಮ ಬಾಗಿಲಲ್ಲಿ ನಿಂತವರಲ್ಲಿ ಎಷ್ಟು ಜನಕ್ಕೆ ಈ ತರಬೇತಿ ಸಿಕ್ಕಿದೆ ಅಂತ ಏಜೆನ್ಸಿಯವರನ್ನು ಕೇಳಿ, ದಾಖಲೆ ತೋರಿಸಲು ಹೇಳಿ. ಯೂನಿಫಾರಂ ಕೊಟ್ಟು, ಮರುದಿನವೇ ಬಾಗಿಲಿಗೆ ನಿಲ್ಲಿಸಿ, 'ಯಾರನ್ನೂ ಬಿಡಬೇಡ' ಅಂದರೆ ಅವರು ಇನ್ನೇನು ಮಾಡುತ್ತಾರೆ?

ನಾನು ಕೇಳುವುದು ಕಷ್ಟದ್ದೇನಲ್ಲ. ಮೊದಲನೆಯದಾಗಿ ಏಕವಚನ ಬಿಡಿಸಿ. ಅಜ್ಜನಿಗೂ, ಕೂಲಿಯವನಿಗೂ, ಹದಿಮೂರು ವರ್ಷದ ಹುಡುಗಿಗೂ ಬನ್ನಿ, ಹೋಗಿ ಅನ್ನಲು ನಯಾಪೈಸೆ ಖರ್ಚಾಗುವುದಿಲ್ಲ. ಚೀಲ ಇಡಿಸಿಕೊಳ್ಳುವುದಾದರೆ ಎಲ್ಲರದೂ ಇಡಿಸಿಕೊಳ್ಳಿ, ಬೀಗ ಇರುವ ಪೆಟ್ಟಿಗೆ ಕೊಡಿ, ಆ 'ಜವಾಬ್ದಾರರಲ್ಲ' ಬೋರ್ಡು ತೆಗೆಯಿರಿ. ನಿಮ್ಮ ನಿಯಮ ಏನಿದೆಯೋ ಅದನ್ನು ಬಾಗಿಲ ಹೊರಗೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಯಿರಿ. ಓದಿ ಒಪ್ಪಿಗೆಯಾದವರು ಒಳಗೆ ಬರುತ್ತಾರೆ. ಯಂತ್ರ ಕೂಗಿದರೆ ಮೊದಲು ಬಿಲ್ ನೋಡಿ, ಟ್ಯಾಗು ನೋಡಿ. ಅನುಮಾನ ಗಟ್ಟಿಯಾಗಿದ್ದರೆ ಕ್ಯಾಮೆರಾ ನೋಡಿದ ಮೇಲೆ, ಪಕ್ಕಕ್ಕೆ ಕರೆದು, ಮೆಲ್ಲಗೆ ಕೇಳಿ. ಹೆಂಗಸರಾದರೆ ಹೆಂಗಸರೇ ಮಾತಾಡಲಿ. ಚೀಲಕ್ಕೆ ಕೈ ಹಾಕಬೇಡಿ. ಅಷ್ಟಾಗಿಯೂ ಬೇಕಿದ್ದರೆ 112ಕ್ಕೆ ಫೋನ್ ಮಾಡಿ, ಪೊಲೀಸರು ಬರಲಿ. ನಿಮ್ಮದೇ ತಪ್ಪು ಅಂತ ಗೊತ್ತಾದರೆ, ಯಾವ ಜಾಗದಲ್ಲಿ, ಯಾರ ಮುಂದೆ ಕೂಗಿ ನಿಲ್ಲಿಸಿದಿರೋ ಅದೇ ಜಾಗದಲ್ಲಿ, ಅವರ ಮುಂದೆಯೇ, ಎಲ್ಲರಿಗೂ ಕೇಳುವ ಹಾಗೆ ಮ್ಯಾನೇಜರ್ ಕ್ಷಮೆ ಕೇಳಲಿ.

ಇಲಾಖೆಯವರಲ್ಲಿ ಒಂದು ಮಾತು. ಮಾಗಡಿ ರಸ್ತೆಯ ಘಟನೆಯಾದಾಗ ಸಿಟ್ಟಿನಲ್ಲಿ ಒಂದು ಕ್ರಮ ಆಯಿತು. ಅದು ಒಂದು ಮಾಲಿಗೆ. ಟಿವಿ ಕ್ಯಾಮೆರಾ ಬಾರದ ಊರುಗಳ, ವಿಡಿಯೋ ಆಗದ ಅಂಗಡಿಗಳ ಕಥೆ ಏನು? ಬಾಗಿಲಲ್ಲಿ ತಡೆಯುವುದು, ಚೀಲ ತಪಾಸಣೆ, ಸಿಸಿಟಿವಿ ಚಿತ್ರ ಹಂಚುವುದು, ಇವುಗಳ ಬಗ್ಗೆ ಒಂದು ಸ್ಪಷ್ಟ ಸುತ್ತೋಲೆ ಹೊರಡಿಸಿ. ಅಳತೆ ತೂಕ ಪರೀಕ್ಷೆಗೆ ಇನ್‌ಸ್ಪೆಕ್ಟರುಗಳು ಅಂಗಡಿಗೆ ಹೋಗುತ್ತಾರಲ್ಲ, ಬಾಗಿಲ ಬೋರ್ಡನ್ನೂ ಅವರು ನೋಡಿ ಬರಲಿ.

ಓದುತ್ತಿರುವ ಉಳಿದವರಿಗೆ: ನಿಮಗೆ ಹೀಗಾದರೆ ಬಿಲ್ ಜೋಪಾನ ಮಾಡಿ, ಸಮಯ ಬರೆದಿಟ್ಟುಕೊಳ್ಳಿ, ಆ ಹೊತ್ತಿನ ಸಿಸಿಟಿವಿ ಉಳಿಸಿಡಿ ಅಂತ ಅಂಗಡಿಗೆ ಅದೇ ದಿನ ಬರಹದಲ್ಲಿ ಕೊಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕೊಂಡ ಸಾಮಾನಿನ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರಿಗೆ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ಬೇರೆಯವರಿಗೆ ಹೀಗಾಗುತ್ತಿದ್ದರೆ ಮೊಬೈಲ್ ಎತ್ತಿ ಹಿಡಿಯಬೇಡಿ, ಹೋಗಿ ಅವರ ಪಕ್ಕ ನಿಲ್ಲಿ. ರಾಜಾಜಿನಗರದ ಮೆಟ್ರೊದಲ್ಲಿ ಆ ಪ್ರಯಾಣಿಕರು ನಿಂತ ಹಾಗೆ.

ಮಾಲೀಕರೇ, ನಿಮ್ಮ ಅಂಗಡಿಯಲ್ಲಿ ಇಂಥ ನಿಯಮ ಈಗಾಗಲೇ ಇದ್ದರೆ ಅದನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಿ, ನಾವು ನಿಮ್ಮಲ್ಲಿಗೇ ಬರುತ್ತೇವೆ. ಇಲ್ಲದಿದ್ದರೆ ಯಾವಾಗ ಮಾಡುತ್ತೀರಿ ಅಂತ ಬಹಿರಂಗವಾಗಿಯೇ ಉತ್ತರಿಸಿ. ಕಾಯುತ್ತೇನೆ.

ಇಂತಿ,
ನಿಮ್ಮ ಒಬ್ಬ ಗ್ರಾಹಕಿ
ಬೆಂಗಳೂರು